ವಿದೇಶಿ ಥಿಂಕ್ ಟ್ಯಾಂಕ್ ಜೊತೆ ಕೈಜೋಡಿಸುವ ಮುನ್ನ: ಯಾರಿಗೆ ಯಾವ ಪಾಲುದಾರಿಕೆ?

ವಿದೇಶದ ಥಿಂಕ್ ಟ್ಯಾಂಕ್‌ನಿಂದ, ಅಂದರೆ ಸರ್ಕಾರದ ನೀತಿಗಳನ್ನು ಓದುವ ಅಧ್ಯಯನ ಸಂಸ್ಥೆಯೊಂದರಿಂದ, ಇಮೇಲ್ ಬರುತ್ತದೆ. ನಿಮ್ಮ ಜೊತೆ ಕೆಲಸ ಮಾಡುವ ಆಸಕ್ತಿ ಇದೆ, ಮಾತಾಡೋಣವೇ ಎಂದು. ಕೆಳಗೆ ದೊಡ್ಡ ಹೆಸರು, ದೊಡ್ಡ ಹುದ್ದೆ. ಮುಂದೆ ಏನಾಗುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಎಂಒಯು (ಒಡಂಬಡಿಕೆ ಪತ್ರ) ಕರಡು, ಮೈಸೂರು ಪೇಟ, ಶಾಲು, ಗಂಧದ ಹಾರ, ಗ್ರೂಪ್ ಫೋಟೊ. ಎರಡು ವರ್ಷ ಕಳೆದರೆ ಆ ಫೈಲ್ ಯಾವ ಕಪಾಟಿನಲ್ಲಿದೆ ಎಂದು ಹುಡುಕಬೇಕು.

ಬೆಂಗಳೂರಿನ ಒಂದು ಸಣ್ಣ ಸಂಶೋಧನಾ ಸಂಸ್ಥೆಯಲ್ಲಿ ಇಂಥ ಫೈಲುಗಳ ಜೊತೆ ಸಾಕಷ್ಟು ಕಾಲ ಕಳೆದವನು ನಾನು. ಕಂಡದ್ದಿಷ್ಟು: ಪಾಲುದಾರರು ಒಳ್ಳೆಯವರೇ ಇರುತ್ತಾರೆ. ಆರಿಸಿಕೊಂಡ ಬಗೆ ಕೆಲಸಕ್ಕೆ ಹೊಂದುವುದಿಲ್ಲ. ಗುಟ್ಟಾಗಿ ಮಾತಾಡಬೇಕಾದ ವಿಷಯಕ್ಕೆ ದೊಡ್ಡ ಸಮ್ಮೇಳನ ಮಾಡುತ್ತಾರೆ. ಊರಿಗೆಲ್ಲ ಹೇಳಬೇಕಾದದ್ದನ್ನು ಹೋಟೆಲ್ ಕೋಣೆಯೊಳಗೆ ಇಪ್ಪತ್ತು ಜನರಿಗೆ ಹೇಳುತ್ತಾರೆ. ಹಾಗಾಗಿ ಯಾವ ಸಂಸ್ಥೆ ಎಂಬುದಕ್ಕಿಂತ ಯಾವ ಬಗೆ ಎಂಬುದನ್ನು ಹೋಲಿಸಿ ನೋಡೋಣ.

ಇದೆಲ್ಲ ದೆಹಲಿಯವರ ವ್ಯವಹಾರ, ನಮಗ್ಯಾಕೆ ಅನ್ನಬೇಡಿ. ಭಾರತ ಜಿ20 ಅಧ್ಯಕ್ಷತೆ ವಹಿಸಿದ್ದಾಗ ಚಿಂತಕರ ಚಾವಡಿಗಳ ಗುಂಪಾದ ಟಿ20ಯ ಶೃಂಗಸಭೆ ನಡೆದದ್ದು ಮೈಸೂರಿನಲ್ಲಿ, 2023ರ ಜುಲೈ 31ರಿಂದ ಆಗಸ್ಟ್ 2ರವರೆಗೆ. (ಟಿ20 ಅಂದ ಕೂಡಲೇ ಚಿನ್ನಸ್ವಾಮಿ ನೆನಪಾದವರೇ ಜಾಸ್ತಿ ಇರಬೇಕು.) ಅಮೆರಿಕದ ಕಾನ್ಸುಲೇಟ್ ಕೂಡ 2025ರ ಜನವರಿಯಲ್ಲಿ ಬೆಂಗಳೂರಿಗೆ ಬಂತು. ಜರ್ಮನಿ, ಫ್ರಾನ್ಸ್, ಜಪಾನ್, ಇಸ್ರೇಲ್ ಮೊದಲೇ ಇದ್ದವು. ಆ ಇಮೇಲ್‌ಗಳು ಇನ್ನು ಜಾಸ್ತಿಯಾಗುತ್ತವೆ.

ಮೊದಲು ಇದೊಂದನ್ನು ಕೇಳಿಕೊಳ್ಳಿ

ಈ ಕೆಲಸ ಯಾರ ಕಿವಿಗೆ ಬೀಳಬೇಕು? ಜನರಿಗಾ, ನಮ್ಮ ಅಧಿಕಾರಿಗಳಿಗಾ, ಎದುರು ದೇಶದ ಸರ್ಕಾರಕ್ಕಾ? ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದಂತೆ.

ಸರ್ಕಾರಗಳು ಅಧಿಕೃತವಾಗಿ ಮಾತಾಡಿದರೆ ಅದು ಟ್ರ್ಯಾಕ್ 1. ಪ್ರಾಧ್ಯಾಪಕರು, ನಿವೃತ್ತ ರಾಯಭಾರಿಗಳು, ನಿವೃತ್ತ ಜನರಲ್‌ಗಳು, ಪತ್ರಕರ್ತರು ಕೂತು ಮಾತಾಡಿದರೆ ಟ್ರ್ಯಾಕ್ 2. ಕುರ್ಚಿಯಲ್ಲಿರುವ ಅಧಿಕಾರಿಗಳೂ ‘ವೈಯಕ್ತಿಕವಾಗಿ’ ಬಂದು ಕೂತರೆ ಟ್ರ್ಯಾಕ್ 1.5. ಟ್ರ್ಯಾಕ್ 2 ಎಂಬ ಹೆಸರು ಬಳಕೆಗೆ ಬಂದದ್ದು 1981ರಲ್ಲಿ, ಅಮೆರಿಕದ ರಾಜತಾಂತ್ರಿಕ ಜೋಸೆಫ್ ಮಾಂಟ್‌ವಿಲ್ ಬರೆದ ಲೇಖನದಿಂದ. ಕೆಲಸ ಮಾತ್ರ ಅದಕ್ಕಿಂತ ಹಳೆಯದು. 1947ರ ಮಾರ್ಚ್‌ನಲ್ಲಿ, ಸ್ವಾತಂತ್ರ್ಯಕ್ಕೆ ಇನ್ನೂ ತಿಂಗಳುಗಳು ಬಾಕಿ ಇದ್ದಾಗ, ದೆಹಲಿಯ ಪುರಾನಾ ಕಿಲಾದಲ್ಲಿ ಏಷ್ಯಾದ ದೇಶಗಳ ಸಮ್ಮೇಳನ ನಡೆಯಿತು. ಅದನ್ನು ಕರೆದದ್ದು ಇಂಡಿಯನ್ ಕೌನ್ಸಿಲ್ ಆಫ್ ವರ್ಲ್ಡ್ ಅಫೇರ್ಸ್, 1943ರಲ್ಲಿ ಹುಟ್ಟಿದ ಒಂದು ಖಾಸಗಿ ಸಂಸ್ಥೆ. ಬ್ರಿಟಿಷರು ಇನ್ನೂ ಹೋಗಿರಲಿಲ್ಲ, ಸರ್ಕಾರದ ಹೆಸರಲ್ಲಿ ಕರೆಯುವುದು ಕಷ್ಟವಿತ್ತು. ಸಂಸ್ಥೆಯ ಹೆಸರಲ್ಲಿ ನೆಹರೂ ಇಡೀ ಏಷ್ಯಾವನ್ನು ಮನೆಗೆ ಕರೆದರು.

ಸರ್ಕಾರ ಮಾಡಲಾಗದ್ದನ್ನು, ಅಥವಾ ಮಾಡಿದ್ದೇನೆ ಎಂದು ಹೇಳಿಕೊಳ್ಳಲಾಗದ್ದನ್ನು ಸಂಸ್ಥೆ ಮಾಡಬಲ್ಲದು. ಥಿಂಕ್ ಟ್ಯಾಂಕ್‌ಗಳ ಮೇಲೆ ವಿದೇಶಾಂಗ ಇಲಾಖೆಗಳಿಗೆ ಪ್ರೀತಿ ಹುಟ್ಟುವುದು ಇದೇ ಕಾರಣಕ್ಕೆ.

ಎಂಒಯು

ನಿಶ್ಚಿತಾರ್ಥ ಆಯಿತು ಅಂದಮಾತ್ರಕ್ಕೆ ಮದುವೆ ಆಯಿತು ಅಂತಲ್ಲವಲ್ಲ, ಹಾಗೆ ಇದು. ಖರ್ಚಿಲ್ಲ, ಅಪಾಯವಿಲ್ಲ, ಹೆಚ್ಚಿನ ಸಲ ಫಲವೂ ಇಲ್ಲ.

ಆದರೂ ಪೂರ್ತಿ ತಳ್ಳಿಹಾಕಬೇಡಿ. ಪ್ರಧಾನಿಯೋ ವಿದೇಶಾಂಗ ಸಚಿವರೋ ಪ್ರವಾಸ ಹೋದಾಗ ಕೊನೆಯಲ್ಲಿ ಒಪ್ಪಂದಗಳ ಪಟ್ಟಿ ಹೊರಬರುತ್ತದೆ ನೋಡಿ. ಅದರಲ್ಲಿ ಎರಡು ಅಧ್ಯಯನ ಸಂಸ್ಥೆಗಳ ನಡುವಿನ ಎಂಒಯು ಎಂಬ ಸಾಲು ಆಗಾಗ ಇರುತ್ತದೆ. ದೊಡ್ಡ ಒಪ್ಪಂದ ಕುದುರದಾಗ ಪಟ್ಟಿ ತುಂಬಲು ಇಂಥವು ಬೇಕಾಗುತ್ತವೆ. ಪಟ್ಟಿಗೆ ಒಮ್ಮೆ ಸೇರಿದರೆ ಮುಂದೆ ವೀಸಾ, ಅನುಮತಿ, ಭೇಟಿ ಎಲ್ಲಕ್ಕೂ ಆ ಸಾಲನ್ನು ತೋರಿಸಬಹುದು. ವಿಶ್ವವಿದ್ಯಾಲಯಗಳಲ್ಲಿ ಇನ್ನೊಂದು ಉಪಯೋಗವಿದೆ. ಎಂಒಯು ಇಲ್ಲದೆ ಸಿಂಡಿಕೇಟ್ ಮುಂದೆ ಯಾವ ಪ್ರಸ್ತಾವವೂ ಕದಲುವುದಿಲ್ಲ.

ಮಾಡಿಕೊಳ್ಳುವುದಾದರೆ ಹಿಂದೆ ಒಂದು ಪುಟ ಲಗತ್ತಿಸಿ. ಮೊದಲ ವರ್ಷ ಮಾಡುವ ಒಂದೇ ಒಂದು ಕೆಲಸ ಏನು, ಎರಡೂ ಕಡೆ ಅದನ್ನು ಮಾಡುವ ವ್ಯಕ್ತಿ ಯಾರು, ದುಡ್ಡು ಯಾರದು. ಈ ಮೂರನ್ನು ಬರೆಯಲು ಆಚೆ ಕಡೆಯವರು ಹಿಂದೇಟು ಹಾಕಿದರೆ ಸಹಿ ಹಾಕದಿದ್ದರೂ ನಷ್ಟವಿಲ್ಲ.

ದೊಡ್ಡ ಸಮ್ಮೇಳನ

ರೈಸಿನಾ ಡೈಲಾಗ್ ಗೊತ್ತಲ್ಲ. 2016ರಿಂದ ದೆಹಲಿಯಲ್ಲಿ ನಡೆಯುತ್ತಿದೆ. ಅಬ್ಸರ್ವರ್ ರಿಸರ್ಚ್ ಫೌಂಡೇಶನ್ ಎಂಬ ಥಿಂಕ್ ಟ್ಯಾಂಕ್ ಮತ್ತು ವಿದೇಶಾಂಗ ಸಚಿವಾಲಯ ಸೇರಿ ಮಾಡುತ್ತವೆ. ಇದಕ್ಕೆಲ್ಲ ಅಣ್ಣನಂತಿರುವುದು ಸಿಂಗಾಪುರದ ಶಾಂಗ್ರಿ-ಲಾ ಡೈಲಾಗ್. ಲಂಡನ್ನಿನ ಐಐಎಸ್‌ಎಸ್ ಎಂಬ ಸಂಸ್ಥೆ 2002ರಿಂದ ಅದನ್ನು ನಡೆಸುತ್ತಿದೆ. ರಕ್ಷಣಾ ಸಚಿವರು, ಸೇನಾ ಮುಖ್ಯಸ್ಥರು ಬರುತ್ತಾರೆ. ಕರೆಯುವುದು ಬೇರೆ ದೇಶದ ಖಾಸಗಿ ಸಂಸ್ಥೆ, ಜಾಗ ಒಂದು ಹೋಟೆಲ್. ಬರುವುದಕ್ಕೆ ಯಾರಿಗೂ ಮುಜುಗರವಿಲ್ಲ.

ವೇದಿಕೆಯ ಭಾಷಣ ಟಿವಿಗೆ. ಅಸಲಿ ವ್ಯವಹಾರ ಪಕ್ಕದ ಕೋಣೆಗಳಲ್ಲಿ ಅರ್ಧರ್ಧ ಗಂಟೆಯ ಭೇಟಿಗಳಲ್ಲಿ ನಡೆಯುತ್ತದೆ. ಭೇಟಿ ಆಗದಿದ್ದರೂ ಅದೇ ಸುದ್ದಿ. 2023ರ ಜೂನ್‌ನಲ್ಲಿ ಶಾಂಗ್ರಿ-ಲಾದಲ್ಲಿ ಚೀನಾದ ರಕ್ಷಣಾ ಸಚಿವ ಲಿ ಶಾಂಗ್‌ಫು ಅಮೆರಿಕದ ಲಾಯ್ಡ್ ಆಸ್ಟಿನ್ ಜೊತೆ ಮಾತುಕತೆಗೆ ಒಪ್ಪಲಿಲ್ಲ. ಮೊದಲ ದಿನದ ಊಟದ ಮೇಜಿನಲ್ಲಿ ಕೈ ಕುಲುಕಿದರು, ಅಷ್ಟೇ. ಮಾರನೆಯ ದಿನ ಪತ್ರಿಕೆಗಳು ಆ ಕೈಕುಲುಕಿಗೆ ಅರ್ಥ ಹುಡುಕುತ್ತಾ ಕೂತವು.

ಬೆಂಗಳೂರಿಗೂ ಇದರ ರುಚಿ ಗೊತ್ತು. ಅಮೆರಿಕದ ಕಾರ್ನೆಗಿ ಥಿಂಕ್ ಟ್ಯಾಂಕ್‌ನ ಇಲ್ಲಿನ ಶಾಖೆ ಕಾರ್ನೆಗಿ ಇಂಡಿಯಾ ಮತ್ತು ವಿದೇಶಾಂಗ ಸಚಿವಾಲಯದ ಗ್ಲೋಬಲ್ ಟೆಕ್ನಾಲಜಿ ಸಮಿಟ್ 2016ರಲ್ಲಿ ಇಲ್ಲೇ ಶುರುವಾದದ್ದು. 2022ಕ್ಕೆ ದೆಹಲಿಗೆ ಹೋಯಿತು. ಯಾಕೆ ಹೋಯಿತೋ ಅವರನ್ನೇ ಕೇಳಬೇಕು. ಆದರೆ ಒಂದು ಮಾತು ಸಹಜ: ಸಚಿವರು ಎಲ್ಲಿರುತ್ತಾರೋ ಸಮ್ಮೇಳನ ಅಲ್ಲಿಗೆ ವಾಲುತ್ತದೆ.

ಸಣ್ಣ ಸಂಸ್ಥೆ ಇದನ್ನು ತಲೆ ಮೇಲೆ ಹಾಕಿಕೊಳ್ಳಬಾರದು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. ವರ್ಷದ ಎಂಟು ತಿಂಗಳು ಟಿಕೆಟ್, ಹೋಟೆಲ್, ಬ್ಯಾಡ್ಜ್, ಶಿಷ್ಟಾಚಾರದಲ್ಲೇ ಹೋಗುತ್ತದೆ. ಯಾರು ಯಾರ ಪಕ್ಕ ಕೂರಬೇಕು ಎಂದು ಚರ್ಚಿಸುವುದೇ ಸಂಶೋಧಕರ ಕೆಲಸವಾಗುತ್ತದೆ. ಕೊನೆಗೆ ಉಳಿಯುವುದು ಒಂದು ಯೂಟ್ಯೂಬ್ ಪಟ್ಟಿ. ಅದರ ಬದಲು ದೊಡ್ಡವರ ಸಮ್ಮೇಳನದಲ್ಲಿ ಒಂದು ಗೋಷ್ಠಿಯ ಹೊಣೆ ಹೊತ್ತುಕೊಳ್ಳಿ. ಬಂದವರನ್ನು ಮಾರನೆಯ ದಿನ ನಿಮ್ಮ ಕಚೇರಿಗೆ ಕರೆದು ಬಾಗಿಲು ಹಾಕಿಕೊಂಡು ಎರಡು ಗಂಟೆ ಮಾತಾಡಿ.

ಸಚಿವಾಲಯದ ಜೊತೆ ಸೇರಿ ಮಾಡುವ ಸಮ್ಮೇಳನಕ್ಕೆ ಇನ್ನೊಂದು ಬೆಲೆ ಇದೆ. ಅಲ್ಲಿ ಸರ್ಕಾರದ ನೀತಿಯನ್ನು ಗಟ್ಟಿಯಾಗಿ ಟೀಕಿಸುವವರಿಗೆ ಮೈಕ್ ಸಿಗುವುದು ಅಪರೂಪ. ಎಲ್ಲ ದೇಶಗಳಲ್ಲೂ ಅಷ್ಟೇ.

ಮುಚ್ಚಿದ ಬಾಗಿಲ ಹಿಂದೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಥಿಂಕ್ ಟ್ಯಾಂಕ್‌ನಿಂದ ರಾಜತಾಂತ್ರಿಕತೆಗೆ ಸಿಕ್ಕ ದೊಡ್ಡ ಲಾಭವೂ ದೊಡ್ಡ ಪಾಠವೂ ಇಲ್ಲೇ ಇವೆ.

ನಾರ್ವೆಯಲ್ಲಿ ಫಾಫೊ ಎಂಬ ಸಂಸ್ಥೆ ಇದೆ. ಕಾರ್ಮಿಕ ಚಳವಳಿಯಿಂದ ಹುಟ್ಟಿದ್ದು. ಕೂಲಿ, ಮನೆ, ಆರೋಗ್ಯ ಇಂಥವನ್ನು ಲೆಕ್ಕ ಹಾಕುವುದು ಅದರ ಕಸುಬು. 1990ರ ದಶಕದ ಶುರುವಿನಲ್ಲಿ ಅವರು ಗಾಜಾ ಮತ್ತು ವೆಸ್ಟ್ ಬ್ಯಾಂಕ್‌ನಲ್ಲಿ ಜನರ ಬದುಕಿನ ಸ್ಥಿತಿಗತಿ ಸಮೀಕ್ಷೆ ಕೈಗೊಂಡರು. ಮನೆಯಲ್ಲಿ ಎಷ್ಟು ಜನ, ಎಷ್ಟು ಕೋಣೆ, ಕೆಲಸ ಇದೆಯಾ ಇಲ್ಲವಾ, ಇಂಥ ಒಣ ಪ್ರಶ್ನೆಗಳು. ಈ ಕೆಲಸಕ್ಕೆ ಇಸ್ರೇಲಿನವರ ಜೊತೆಗೂ ಪ್ಯಾಲೆಸ್ಟೀನಿನವರ ಜೊತೆಗೂ ಮಾತಾಡಲೇಬೇಕಿತ್ತು. ಹಾಗಾಗಿ ಫಾಫೊ ಮುಖ್ಯಸ್ಥ ತೆರ್ಯೆ ರೋಡ್-ಲಾರ್ಸನ್‌ಗೆ ಎರಡೂ ಕಡೆ ಪರಿಚಯ ಬೆಳೆಯಿತು.

1993ರ ಜನವರಿಯಲ್ಲಿ ಓಸ್ಲೋದಿಂದ ಸ್ವಲ್ಪ ದೂರದ ಸಾರ್ಪ್ಸ್‌ಬೋರ್ಗ್‌ನ ಒಂದು ಹಳೆಯ ಬಂಗಲೆಯಲ್ಲಿ ಮೊದಲ ಸಭೆ. ಇಸ್ರೇಲ್ ಕಡೆಯಿಂದ ಯಾಯಿರ್ ಹಿರ್ಷ್‌ಫೆಲ್ಡ್, ರಾನ್ ಪುಂಡಾಕ್. ಇಬ್ಬರೂ ವಿದ್ವಾಂಸರು, ಸರ್ಕಾರದಲ್ಲಿ ಯಾವ ಹುದ್ದೆಯೂ ಇಲ್ಲ. ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆ, ಅಂದರೆ ಪಿಎಲ್‌ಒ ಕಡೆಯಿಂದ ಅದರ ಹಣಕಾಸು ನೋಡಿಕೊಳ್ಳುತ್ತಿದ್ದ ಅಹ್ಮದ್ ಕುರೈ. ಪಿಎಲ್‌ಒ ಜೊತೆ ಇಸ್ರೇಲಿಗಳು ಮಾತಾಡುವುದೇ ಅಪರಾಧವೆಂಬ ಕಾನೂನು ರದ್ದಾದದ್ದು ಅದೇ ತಿಂಗಳು. ಯಾರಾದರೂ ಕೇಳಿದರೆ ಸಮೀಕ್ಷೆಯ ವಿಷಯ ಮಾತಾಡುತ್ತಿದ್ದೇವೆ ಅನ್ನಬಹುದಿತ್ತು. ಸುಳ್ಳೂ ಅಲ್ಲ ಅದು.

ರೋಡ್-ಲಾರ್ಸನ್ ಮಾಡಿದ ಏರ್ಪಾಡು ನೋಡಿ. ಎಲ್ಲರೂ ಒಂದೇ ಸೂರಿನಡಿ ಇರಬೇಕು. ಊಟ ಒಟ್ಟಿಗೆ. ಮಾತುಕತೆಯ ಕೋಣೆಯಲ್ಲಿ ಎರಡೂ ಕಡೆಯವರು ಮಾತ್ರ, ನಾರ್ವೆಯವರು ಹೊರಗೆ. ಹಳೆಯ ಜಗಳ ಕೆದಕುವಂತಿಲ್ಲ. ಮಧ್ಯಸ್ಥಿಕೆ ಎಂದು ಅವರು ಹೇಳಿಕೊಳ್ಳಲೇ ಇಲ್ಲ, ಅನುಕೂಲ ಮಾಡಿಕೊಡುತ್ತೇವೆ ಅಂದರು. ಮಾತು ಮುಂದುವರಿಯುತ್ತದೆ ಎಂದು ಖಾತ್ರಿಯಾದ ಮೇಲೆ, ಮೇ ತಿಂಗಳಲ್ಲಿ, ಇಸ್ರೇಲ್ ತನ್ನ ವಿದೇಶಾಂಗ ಇಲಾಖೆಯ ಮಹಾನಿರ್ದೇಶಕ ಉರಿ ಸವೀರ್ ಅವರನ್ನು ಕಳಿಸಿತು. ಅಲ್ಲಿಗೆ ಟ್ರ್ಯಾಕ್ 2 ಟ್ರ್ಯಾಕ್ 1 ಆಯಿತು. ಸೆಪ್ಟೆಂಬರ್ 13ಕ್ಕೆ ಓಸ್ಲೋ ಒಪ್ಪಂದಕ್ಕೆ ಸಹಿ ಬಿತ್ತು, ಶ್ವೇತಭವನದ ಹುಲ್ಲುಹಾಸಿನ ಮೇಲೆ ಇಸ್ರೇಲ್ ಪ್ರಧಾನಿ ರಬಿನ್, ಪಿಎಲ್‌ಒ ನಾಯಕ ಅರಾಫತ್ ಕೈ ಕುಲುಕಿದರು.

ಆ ಒಪ್ಪಂದ ಮುಂದೆ ಶಾಂತಿ ತರಲಿಲ್ಲ ಎಂದು ಎಲ್ಲರಿಗೂ ಗೊತ್ತು. ಜೆರುಸಲೇಮ್, ನಿರಾಶ್ರಿತರು, ವಸಾಹತುಗಳು, ಗಡಿ ಈ ಕಷ್ಟದ ವಿಷಯಗಳನ್ನೆಲ್ಲ ಮುಂದಕ್ಕೆ ಹಾಕಿದ್ದರು. ಎರಡೂ ಕಡೆಯ ಜನರಿಗೆ ಸುದ್ದಿ ತಿಳಿದದ್ದು ಕೊನೆಯಲ್ಲಿ. ಮುಚ್ಚಿದ ಬಾಗಿಲು ಮಾತು ಶುರುಮಾಡಲು ಒಳ್ಳೆಯದು. ಆಚೆ ಇರುವವರನ್ನು ಒಪ್ಪಿಸುವುದು ಅದರ ಕೈಲಾಗದ ಕೆಲಸ, ಅದಕ್ಕೆ ರಾಜಕಾರಣಿಗಳೇ ಬೇಕು.

ಭಾರತ-ಪಾಕಿಸ್ತಾನದ ನಡುವೆ ಇಂಥದ್ದೇ ಒಂದು 1991ರಲ್ಲಿ ಶುರುವಾಯಿತು, ರಾಜಸ್ಥಾನದ ನೀಮ್ರಾನಾ ಕೋಟೆಯಲ್ಲಿ. ನಿವೃತ್ತ ರಾಯಭಾರಿಗಳು, ಸೇನಾಧಿಕಾರಿಗಳು. ಸರ್ಕಾರಗಳು ಮಾತು ಬಿಟ್ಟಾಗಲೂ ಇವರು ಮಾತಾಡುತ್ತಿದ್ದರು ಎಂಬುದು ದೊಡ್ಡ ವಿಷಯವೇ. ಆದರೆ ನಲವತ್ತು ವರ್ಷ ತಮ್ಮ ದೇಶದ ನಿಲುವನ್ನು ಸಮರ್ಥಿಸಿದವರು ನಿವೃತ್ತರಾದ ಮಾರನೆಯ ದಿನ ಹೊಸದಾಗಿ ಯೋಚಿಸುತ್ತಾರೆ ಅಂದುಕೊಳ್ಳುವುದು ಸ್ವಲ್ಪ ಜಾಸ್ತಿಯೇ ಆಯಿತು, ಅಲ್ವಾ? ಮುಖಗಳೂ ವರ್ಷ ವರ್ಷ ಅವೇ ಇರುತ್ತವೆ. ಈ ಬಗೆಯನ್ನು ಆರಿಸಿಕೊಳ್ಳುವವರು ಪಟ್ಟಿಯಲ್ಲಿ ಮೂವತ್ತೈದರ ಒಳಗಿನವರಿಗೆ ನಾಲ್ಕಾದರೂ ಕುರ್ಚಿ ಇಡಬೇಕು.

ಬಹುಕಾಲ ಬಾಳಿದ ಉದಾಹರಣೆ ಬೇಕೆಂದರೆ ಡಾರ್ಟ್‌ಮತ್ ಕಾನ್ಫರೆನ್ಸ್. 1960ರಲ್ಲಿ, ಅಮೆರಿಕದ ಯು-2 ವಿಮಾನವನ್ನು ಸೋವಿಯತ್ ಹೊಡೆದುರುಳಿಸಿ ಸಂಬಂಧ ಹದಗೆಟ್ಟಿದ್ದ ವರ್ಷವೇ, ನ್ಯೂ ಹ್ಯಾಂಪ್‌ಶೈರ್‌ನ ಡಾರ್ಟ್‌ಮತ್ ಕಾಲೇಜಿನಲ್ಲಿ ಎರಡೂ ದೇಶದವರು ಕೂತರು. ಸೋವಿಯತ್ ಒಕ್ಕೂಟ ಹೋಯಿತು, ಸಭೆ ನಿಲ್ಲಲಿಲ್ಲ. ಅಲ್ಲಿ ಪಳಗಿದವರೇ 1993ರಲ್ಲಿ ತಜಿಕಿಸ್ತಾನದ ಅಂತರ್ಯುದ್ಧದ ಎರಡೂ ಬಣಗಳನ್ನು ಕೂರಿಸಿ ಮಾತಾಡಿಸತೊಡಗಿದರು. ಅಲ್ಲಿ ಶಾಂತಿ ಒಪ್ಪಂದವಾದದ್ದು 1997ರಲ್ಲಿ.

ಬಳಕೆಯ ವಿಷಯ ಒಂದು. ಇಂಥ ಸಭೆಗಳಲ್ಲಿ ಚಾಥಮ್ ಹೌಸ್ ನಿಯಮ ಅನ್ನುತ್ತಾರೆ. 1927ರಲ್ಲಿ ಲಂಡನ್ನಿನ ಚಾಥಮ್ ಹೌಸ್ ಎಂಬ ಥಿಂಕ್ ಟ್ಯಾಂಕ್ ಮಾಡಿಕೊಂಡದ್ದು. ಕೇಳಿದ್ದನ್ನು ಬಳಸಬಹುದು, ಯಾರು ಹೇಳಿದರು ಎಂದು ಹೇಳುವಂತಿಲ್ಲ, ಯಾರು ಬಂದಿದ್ದರು ಎಂದೂ ಹೇಳುವಂತಿಲ್ಲ. ನಮ್ಮಲ್ಲಿ ಈ ನಿಯಮ ಘೋಷಿಸಿ, ಹತ್ತು ನಿಮಿಷಕ್ಕೆ ಗ್ರೂಪ್ ಫೋಟೊ ತೆಗೆದು ಎಕ್ಸ್‌ನಲ್ಲಿ ಹಾಕುವುದನ್ನು ನೋಡಿದ್ದೇನೆ. ಒಬ್ಬ ಅತಿಥಿಗೆ ಅದರಿಂದ ಅವರ ದೇಶದಲ್ಲಿ ತೊಂದರೆಯಾಯಿತು, ಮತ್ತೆ ಅವರು ಬರಲಿಲ್ಲ. ಫೋಟೊ ಹುಚ್ಚು ಇರುವ ಸಂಸ್ಥೆಗೆ ಈ ದಾರಿ ಬೇಡ.

ಜಾಲಗಳು

ಇಬ್ಬರ ಬದಲು ಹತ್ತು ಸಂಸ್ಥೆಗಳು ಸೇರಿದರೆ ಜಾಲ. ಆಗ್ನೇಯ ಏಷ್ಯಾದವರು ಇದರಲ್ಲಿ ಗಟ್ಟಿಗರು. ಜಕಾರ್ತ, ಕೌಲಾಲಂಪುರ, ಮನಿಲಾ, ಸಿಂಗಾಪುರ, ಬ್ಯಾಂಕಾಕ್‌ನ ಸಂಸ್ಥೆಗಳು 1988ರಲ್ಲಿ ಆಸಿಯಾನ್-ಐಎಸ್‌ಐಎಸ್ ಎಂಬ ಕೂಟ ಕಟ್ಟಿದವು. ರಕ್ಷಣೆಯ ವಿಷಯ ಮಾತಾಡಲು ದೊಡ್ಡ ದೇಶಗಳನ್ನೂ ಸೇರಿಸಿ ವೇದಿಕೆ ಬೇಕು ಎಂದು 1991ರಲ್ಲೇ ಬರೆದುಕೊಟ್ಟವು. 1994ರಲ್ಲಿ ಆಸಿಯಾನ್ ಪ್ರಾದೇಶಿಕ ವೇದಿಕೆ ಶುರುವಾಯಿತು. ಕಾಗದದಿಂದ ವ್ಯವಸ್ಥೆಗೆ ಮೂರು ವರ್ಷ. ಕಾರಣ ಸರಳ. ಆ ಸಂಸ್ಥೆಗಳ ಮುಖ್ಯಸ್ಥರಿಗೆ ತಂತಮ್ಮ ವಿದೇಶಾಂಗ ಇಲಾಖೆಗಳಲ್ಲಿ ನೇರ ಪ್ರವೇಶವಿತ್ತು.

ನಮ್ಮ ಪಕ್ಕದ ಕಥೆ ಬೇರೆ ತರಹ. 1999ರಲ್ಲಿ ಚೀನಾದ ಕುನ್ಮಿಂಗ್‌ನಲ್ಲಿ ಬಾಂಗ್ಲಾದೇಶ, ಚೀನಾ, ಭಾರತ, ಮ್ಯಾನ್ಮಾರ್ ಕಡೆಯವರು ಸೇರಿದರು. ಯುನ್ನಾನ್ ಸಮಾಜ ವಿಜ್ಞಾನ ಅಕಾಡೆಮಿ, ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್, ಢಾಕಾದ ಸೆಂಟರ್ ಫಾರ್ ಪಾಲಿಸಿ ಡೈಲಾಗ್ ಮುಂಚೂಣಿಯಲ್ಲಿದ್ದವು. ನಾಲ್ಕು ದೇಶಗಳನ್ನು ರಸ್ತೆಯಿಂದ ಕೂಡಿಸಬೇಕು ಎಂಬ ಯೋಚನೆ. ವರ್ಷಗಟ್ಟಲೆ ಸಭೆ ನಡೆಯಿತು. 2013ರಲ್ಲಿ ಕೋಲ್ಕತ್ತಾದಿಂದ ಕುನ್ಮಿಂಗ್‌ವರೆಗೆ ಕಾರು ರ‍್ಯಾಲಿ ಕೂಡ ಆಯಿತು. ಅದೇ ವರ್ಷ ಚೀನಾದ ಪ್ರಧಾನಿ ಲಿ ಕೆಚಿಯಾಂಗ್ ದೆಹಲಿಗೆ ಬಂದಾಗ ಸರ್ಕಾರಗಳೇ ಇದನ್ನು ಕೈಗೆತ್ತಿಕೊಂಡವು. ಥಿಂಕ್ ಟ್ಯಾಂಕ್‌ನವರು ಗೆದ್ದೆವು ಅಂದುಕೊಂಡಿರಬೇಕು. ಆದರೆ ಚೀನಾ ಇದನ್ನು ಬೆಲ್ಟ್ ಅಂಡ್ ರೋಡ್ ಎಂಬ, ಹಲವು ದೇಶಗಳಲ್ಲಿ ರಸ್ತೆ, ಬಂದರು ಕಟ್ಟುವ ತನ್ನ ಯೋಜನೆಗೆ ಸೇರಿಸಿತು, ಭಾರತಕ್ಕೆ ಅದು ಒಗ್ಗಲಿಲ್ಲ. 2019ರ ಬೆಲ್ಟ್ ಅಂಡ್ ರೋಡ್ ಶೃಂಗಸಭೆಯ ಯೋಜನೆಗಳ ಪಟ್ಟಿಯಲ್ಲಿ ಈ ದಾರಿಯ ಹೆಸರೇ ಇರಲಿಲ್ಲ.

ಸರ್ಕಾರದ ಕೈಗೆ ಹೋಗುವುದೇ ಗೆಲುವು ಎಂದು ಲೆಕ್ಕ ಹಾಕುವವರು ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಆಸಿಯಾನ್ ಕಡೆ ಕೂಟ ಕಟ್ಟಿದ ದೇಶಗಳಲ್ಲಿ ಯಾರೂ ಉಳಿದವರನ್ನು ನುಂಗುವಷ್ಟು ದೊಡ್ಡವರಿರಲಿಲ್ಲ. ಇನ್ನೊಂದು ಕಡೆ ಇದ್ದರು.

ಟಿ20ಯಂಥ ಜಾಲ ಸಣ್ಣ ಸಂಸ್ಥೆಗೆ ಅಗ್ಗದ ಬಾಗಿಲು. ನೀತಿ ಟಿಪ್ಪಣಿ ಬರೆದು ಕಳಿಸಬಹುದು, ವಿದೇಶಿ ಸಂಶೋಧಕರ ಜೊತೆ ಸೇರಿ ಬರೆಯಬಹುದು. ಕೊನೆಯ ಹೇಳಿಕೆಯಲ್ಲಿ ನಿಮ್ಮ ಒಂದು ಸಾಲು ಉಳಿದರೂ ಅದೃಷ್ಟ. ಅಧ್ಯಕ್ಷತೆ ಪ್ರತಿ ವರ್ಷ ಬೇರೆ ದೇಶಕ್ಕೆ ಹೋಗುತ್ತದೆ, ಆದ್ಯತೆಯೂ ಬದಲಾಗುತ್ತದೆ. ಪರಿಚಯ ಬೆಳೆಸಿಕೊಳ್ಳಲು ಹೋಗಿ, ಪ್ರಭಾವ ಬೀರಲು ಹೋಗಬೇಡಿ.

ಜಂಟಿ ಅಧ್ಯಯನ

ನನ್ನ ಓಟು ಇದಕ್ಕೆ. ನೋಡಲು ಸಪ್ಪೆ, ಬಾಳಿಕೆ ಜಾಸ್ತಿ.

2012ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನ ನಿಯಾಸ್, ಅಂದರೆ ಐಐಎಸ್‌ಸಿ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ, ಅಮೆರಿಕದ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್ ಜೊತೆ ಮೂರು ದಿನದ ಕಾರ್ಯಾಗಾರ ನಡೆಸಿತು. ವಿಷಯ: ನಾಗರಿಕ ಬಳಕೆಯ ಅಣು ಸಾಮಗ್ರಿಯನ್ನು ಭದ್ರವಾಗಿಡುವ ತಾಂತ್ರಿಕ ಕ್ರಮಗಳು. ಪೋಖ್ರಾನ್ ಆದ ಮೇಲೆ ಅಮೆರಿಕ ನಮ್ಮ ಮೇಲೆ ನಿರ್ಬಂಧ ಹಾಕಿತ್ತು, 2008ರಲ್ಲಿ ಅಣು ಒಪ್ಪಂದ ಆಯಿತು, ನಂತರ ಅಣು ಅಪಘಾತದ ಹೊಣೆಗಾರಿಕೆ ಕಾನೂನಿನ ಬಗ್ಗೆ ತಕರಾರು. ಇಷ್ಟೆಲ್ಲದರ ನಡುವೆ ವಿಜ್ಞಾನಿಗಳು ಬೀಗ, ತೂಕ, ಲೆಕ್ಕ, ಕಾವಲು ಇವುಗಳ ಬಗ್ಗೆ ಮಾತಾಡಿದರು. ಒಂದು ಪುಸ್ತಕದಷ್ಟು ವರದಿ ಹೊರಬಂತು. ರಾಜಾ ರಾಮಣ್ಣ ಮೊದಲ ನಿರ್ದೇಶಕರಾಗಿದ್ದ ಸಂಸ್ಥೆಗೆ ಅಣು ವಿಷಯದಲ್ಲಿ ಮಾತಾಡುವ ಯೋಗ್ಯತೆ ತಾನಾಗಿಯೇ ಇತ್ತು. ಅಮೆರಿಕದವರು ಹೆಸರು ನೋಡಿ ಬರಲಿಲ್ಲ, ವಿಷಯ ಗೊತ್ತಿರುವವರು ಇಲ್ಲಿದ್ದಾರೆ ಎಂದು ಬಂದರು.

ಸಂಖ್ಯೆಗಳ ಬಗ್ಗೆ ಜಗಳವಾಡಿದವರು ಮುಂದೆ ಫೋನ್ ಮಾಡಲು ಹಿಂಜರಿಯುವುದಿಲ್ಲ. ಫಾಫೊ ಕಥೆಯಲ್ಲೂ ಮೊದಲು ಬಂದದ್ದು ಸಮೀಕ್ಷೆ, ಶಾಂತಿ ಮಾತುಕತೆ ಆಮೇಲೆ. ಕಷ್ಟವೂ ಇದೆ. ಎರಡು ಮೂರು ವರ್ಷ ಬೇಕು. ಮಧ್ಯದಲ್ಲಿ ತೋರಿಸಲು ಏನೂ ಇರುವುದಿಲ್ಲ. ವಾರ್ಷಿಕ ವರದಿಗೆ ಫೋಟೊ ಕೇಳುವ ಆಡಳಿತ ಮಂಡಳಿ ಇದ್ದರೆ ಮೊದಲೇ ಅವರನ್ನು ಕೂರಿಸಿ ಹೇಳಿಬಿಡಿ.

ಶಾಖೆಯಾಗುವುದು

ದೊಡ್ಡ ಸಂಸ್ಥೆ ನಿಮ್ಮೂರಿನಲ್ಲಿ ಶಾಖೆ ತೆರೆಯುತ್ತೇವೆ, ನೀವೇ ನಡೆಸಿ ಅಂದರೆ ಏನು ಮಾಡಬೇಕು? ಹೆಸರು, ಗ್ರಂಥಾಲಯ, ಸಂಪರ್ಕ ಎಲ್ಲ ಒಂದೇ ದಿನದಲ್ಲಿ ಸಿಗುತ್ತದೆ. ಆ ದೇಶದ ಜೊತೆ ನಮ್ಮ ಸಂಬಂಧ ಕೆಟ್ಟರೆ ಏಟೂ ನಿಮಗೇ. ಕಾರ್ನೆಗಿಯ ಮಾಸ್ಕೋ ಕೇಂದ್ರ 1994ರಿಂದ ಇತ್ತು. ರಷ್ಯಾದ ಬಗ್ಗೆ ಜಗತ್ತು ಓದುತ್ತಿದ್ದ ಒಳ್ಳೆಯ ಬರಹಗಳು ಅಲ್ಲಿಂದ ಬರುತ್ತಿದ್ದವು. ಉಕ್ರೇನ್ ಯುದ್ಧ ಶುರುವಾದ ಮೇಲೆ 2022ರ ಏಪ್ರಿಲ್‌ನಲ್ಲಿ ರಷ್ಯಾ ಸರ್ಕಾರ ಮುಚ್ಚಿಸಿತು. ಈಗ ಆ ಕೆಲಸ ಬರ್ಲಿನ್ನಿನಿಂದ ನಡೆಯುತ್ತಿದೆ.

ಇದರ ಇನ್ನೊಂದು ರೂಪ ದೆಹಲಿಯಲ್ಲಿದೆ. ಅಮೆರಿಕದ ಬ್ರೂಕಿಂಗ್ಸ್ ಸಂಸ್ಥೆಯ ಶಾಖೆಯಾಗಿ 2013ರಲ್ಲಿ ಶುರುವಾದ ಬ್ರೂಕಿಂಗ್ಸ್ ಇಂಡಿಯಾ 2020ರಲ್ಲಿ ಸಿಎಸ್‌ಇಪಿ ಎಂಬ ಸ್ವತಂತ್ರ ಸಂಸ್ಥೆಯಾಯಿತು. ಶಾಖೆಯಾಗಲೇಬೇಕು ಅಂತಿದ್ದರೆ ಬೇರೆಯಾಗುವ ದಾರಿಯನ್ನು ಮೊದಲ ದಿನವೇ ಕಾಗದದಲ್ಲಿ ಬರೆಸಿಕೊಳ್ಳಿ.

ದುಡ್ಡಿನ ಮಾತು

ಬಗೆ ಯಾವುದೇ ಇರಲಿ, ಕೊನೆಗೆ ಬಂದು ನಿಲ್ಲುವುದು ಇಲ್ಲಿ. ವಿದೇಶಿ ಹಣ ಅಂದರೆ ಎಫ್‌ಸಿಆರ್‌ಎ, ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ. 2010ರ ಕಾನೂನು, 2020ರಲ್ಲಿ ಬಿಗಿಯಾಯಿತು. ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತ ಖರ್ಚು ಶೇ 20 ದಾಟುವಂತಿಲ್ಲ, ಮೊದಲು ಶೇ 50 ಇತ್ತು. ಎಲ್ಲಕ್ಕಿಂತ ಮುಖ್ಯ, ಬಂದ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ದೆಹಲಿಯ ದೊಡ್ಡ ಸಂಸ್ಥೆ ವಿದೇಶಿ ಹಣ ತಂದು ಧಾರವಾಡದ ಸಣ್ಣ ಸಂಸ್ಥೆಗೆ ಒಂದು ಪಾಲು ಕೊಡುವ ಹಳೆಯ ಏರ್ಪಾಡು ಅಲ್ಲಿಗೆ ನಿಂತಿತು. ಜಾಲದಲ್ಲಿ ಸೇರುವ ಮುನ್ನ ಇದನ್ನು ಕೇಳಿ: ನಮ್ಮ ಖರ್ಚು ಯಾವ ದಾರಿಯಿಂದ ಬರುತ್ತದೆ?

ಪರವಾನಗಿ ಇದ್ದವರೂ ನಿಶ್ಚಿಂತರಲ್ಲ. ಕುನ್ಮಿಂಗ್ ಸಭೆಯಲ್ಲಿದ್ದ ಅದೇ ಸೆಂಟರ್ ಫಾರ್ ಪಾಲಿಸಿ ರಿಸರ್ಚ್‌ನ ಎಫ್‌ಸಿಆರ್‌ಎ ನೋಂದಣಿ 2023ರಲ್ಲಿ ಅಮಾನತಾಗಿ 2024ರಲ್ಲಿ ರದ್ದಾಯಿತು. ಆಚೆ ಕಡೆಯೂ ಭರವಸೆ ಇಲ್ಲ. ಅಮೆರಿಕದ ಸಂಸತ್ತೇ 1984ರಲ್ಲಿ ಕಟ್ಟಿದ ಯುಎಸ್ ಇನ್‌ಸ್ಟಿಟ್ಯೂಟ್ ಆಫ್ ಪೀಸ್‌ನ ಬಹುತೇಕ ಸಿಬ್ಬಂದಿಯನ್ನು 2025ರಲ್ಲಿ ಟ್ರಂಪ್ ಆಡಳಿತ ಮನೆಗೆ ಕಳಿಸಿತು, ವಿಷಯ ಕೋರ್ಟಿಗೆ ಹೋಯಿತು.

ಜರ್ಮನಿಯ ಕೊನ್ರಾಡ್ ಅಡೆನಾವರ್, ಫ್ರೀಡ್ರಿಶ್ ಎಬರ್ಟ್ ಪ್ರತಿಷ್ಠಾನಗಳ ಹೆಸರು ನಮ್ಮ ವಿಚಾರ ಸಂಕಿರಣಗಳ ಬ್ಯಾನರ್‌ಗಳಲ್ಲಿ ನೋಡಿರುತ್ತೀರಿ. ಒಂದು ಅಲ್ಲಿನ ಸಿಡಿಯು ಪಕ್ಷಕ್ಕೆ, ಇನ್ನೊಂದು ಎಸ್‌ಪಿಡಿಗೆ ಹತ್ತಿರ. ಹಣ ಬಹುಪಾಲು ಜರ್ಮನ್ ಸರ್ಕಾರದ ಬಜೆಟ್ಟಿನದು. ಇದು ಗುಟ್ಟೇನಲ್ಲ, ತಪ್ಪೂ ಅಲ್ಲ. ಗುಟ್ಟಾಗಿದ್ದರೆ ತೊಂದರೆ. 2014ರಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ವರದಿ ಮಾಡಿತು, ವಿದೇಶಿ ಸರ್ಕಾರಗಳು ವಾಷಿಂಗ್ಟನ್ನಿನ ಥಿಂಕ್ ಟ್ಯಾಂಕ್‌ಗಳಿಗೆ ಹಣ ಕೊಟ್ಟು ತಮಗೆ ಬೇಕಾದ ನೀತಿಗೆ ಒತ್ತಾಸೆ ಪಡೆಯುತ್ತಿವೆ ಎಂದು. ಆ ಪಟ್ಟಿಯಲ್ಲಿ ಕತಾರ್, ಯುಎಇ ಜೊತೆಗೆ ನಾರ್ವೆಯೂ ಇತ್ತು. ಹೌದು, ಅದೇ ನಾರ್ವೆ. ಯಾರು ದುಡ್ಡು ಕೊಟ್ಟರು ಎಂದು ವರದಿಯ ಮೊದಲ ಪುಟದಲ್ಲೇ ಬರೆಯಿರಿ, ಎಷ್ಟೋ ತಲೆನೋವು ತಪ್ಪುತ್ತದೆ.

ಅನುಮತಿಗಳ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ವಿದೇಶಿಯರು ಬರುವ ಸಮ್ಮೇಳನಕ್ಕೆ ಕಾನ್ಫರೆನ್ಸ್ ವೀಸಾ ಬೇಕು, ವಿದೇಶಾಂಗ ಸಚಿವಾಲಯದ ರಾಜಕೀಯ ಅನುಮತಿ ಬೇಕಾಗಬಹುದು. ಪಾಕಿಸ್ತಾನದಂಥ ದೇಶದವರಿದ್ದರೆ ಗೃಹ ಸಚಿವಾಲಯದ ಒಪ್ಪಿಗೆಯೂ ಬೇಕು. ತಿಂಗಳುಗಳ ಮೊದಲೇ ಶುರುಮಾಡಿ. ಇನ್ನೊಂದು, ಎಷ್ಟೋ ಜನಕ್ಕೆ ಗೊತ್ತಿಲ್ಲದ್ದು: ಶಾಸಕರನ್ನೋ ಸರ್ಕಾರಿ ನೌಕರರನ್ನೋ ನಿಯೋಗದಲ್ಲಿ ಕರೆದುಕೊಂಡು ಹೋಗಿ, ಆ ದೇಶದವರು ಅವರ ಊಟ ವಸತಿ ನೋಡಿಕೊಂಡರೆ, ಅದು ಕಾನೂನಿನ ಲೆಕ್ಕದಲ್ಲಿ ‘ವಿದೇಶಿ ಆತಿಥ್ಯ’. ಕೇಂದ್ರದ ಪೂರ್ವಾನುಮತಿ ಬೇಕು.

ಹಾಗಾದರೆ ಯಾರಿಗೆ ಯಾವುದು

ಮೈಸೂರು, ಧಾರವಾಡದಂಥ ಕಡೆಯ ವಿಶ್ವವಿದ್ಯಾಲಯ ವಿಭಾಗವಾದರೆ ಎಂಒಯು ಜೊತೆ ಒಂದು ಜಂಟಿ ಅಧ್ಯಯನ. ಹಣ ಬೇಡದ ಕೆಲಸದಿಂದ ಶುರುಮಾಡಿ, ಇಬ್ಬರು ಸಂಶೋಧಕರು ಸೇರಿ ಬರೆಯುವ ಒಂದು ವರದಿ ಸಾಕು. ಸಮ್ಮೇಳನ ಮಾಡಿ ಅಂತ ಮೇಲಿನವರು ಒತ್ತಾಯಿಸುತ್ತಾರೆ, ಎರಡನೆಯ ವರ್ಷಕ್ಕೆ ತಳ್ಳಿ.

ಬೆಂಗಳೂರಿನಲ್ಲಿ ತಂತ್ರಜ್ಞಾನ, ಬಾಹ್ಯಾಕಾಶ, ಚಿಪ್, ಡೇಟಾ ಇಂಥವನ್ನು ಓದುವ ಸಂಸ್ಥೆಗೆ ಅದೃಷ್ಟ ಚೆನ್ನಾಗಿದೆ. ಎದುರಿನವರಿಗೆ ನಿಮ್ಮ ಅಗತ್ಯ ಜಾಸ್ತಿ. ಟ್ರ್ಯಾಕ್ 1.5 ನಿಮಗೆ ಹೊಂದುತ್ತದೆ. ಕಾನ್ಸುಲೇಟಿನ ವಿಜ್ಞಾನ ಅಧಿಕಾರಿ, ಇಲ್ಲಿನ ಕಂಪನಿಯ ಎಂಜಿನಿಯರ್, ದೆಹಲಿಯ ಒಬ್ಬ ಜಂಟಿ ಕಾರ್ಯದರ್ಶಿ, ನಿಮ್ಮ ಇಬ್ಬರು ಸಂಶೋಧಕರು. ಹನ್ನೆರಡು ಕುರ್ಚಿ ಮೀರದಂತೆ ನೋಡಿಕೊಳ್ಳಿ, ಮೈಕ್ ಬೇಡ.

ನಿವೃತ್ತ ರಾಯಭಾರಿ, ಸೇನಾಧಿಕಾರಿಗಳ ಗುಂಪಿಗೆ ಮುಚ್ಚಿದ ಬಾಗಿಲೇ ಸರಿ. ಒಂದೇ ದೇಶ, ಒಂದೇ ವಿಷಯ ಹಿಡಿದು ಐದು ವರ್ಷ ಬಿಡದೆ ಕೂರುವ ತಾಳ್ಮೆ ಬೇಕು. ಸಭೆ ಮುಗಿದ ವಾರದೊಳಗೆ ಎರಡು ಪುಟದ ಟಿಪ್ಪಣಿ ವಿದೇಶಾಂಗ ಇಲಾಖೆಯ ಆ ದೇಶದ ವಿಭಾಗಕ್ಕೆ ತಲುಪಬೇಕು. ಅದು ತಲುಪದಿದ್ದರೆ ನೀವು ಮಾಡಿದ್ದು ಸುಮ್ನೆ ಒಳ್ಳೆಯ ಹರಟೆ.

ಹೆಸರು ಬೆಳೆಸಿಕೊಳ್ಳಬೇಕು ಎಂಬುದೇ ಗುರಿಯಾಗಿದ್ದರೆ ಸಮ್ಮೇಳನ ಮಾಡಿ, ನಾಚಿಕೆ ಬೇಡ. ಆದರೆ ಆ ವರ್ಷ ಅದಕ್ಕೆ ರಾಜತಾಂತ್ರಿಕತೆ ಅನ್ನಬೇಡಿ.

ಯಾವುದನ್ನು ಆರಿಸಿದರೂ ಒಪ್ಪಂದದಲ್ಲಿ ಒಂದು ಕಲಂ ಇರಲಿ: ಪಾಲುದಾರರು ಮುಚ್ಚಿಹೋದರೆ, ಪರವಾನಗಿ ಕಳೆದುಕೊಂಡರೆ, ಅಥವಾ ಎರಡು ದೇಶಗಳ ನಡುವೆ ಮಾತು ನಿಂತರೆ, ಅಲ್ಲಿಯವರೆಗೆ ಕಲೆಹಾಕಿದ ಮಾಹಿತಿ ಯಾರ ಬಳಿ ಇರುತ್ತದೆ, ಮುಚ್ಚಿದ ಕೋಣೆಯಲ್ಲಿ ಮಾತಾಡಿದವರ ಹೆಸರಿನ ಪಟ್ಟಿಯನ್ನು ಯಾರು ಅಳಿಸುತ್ತಾರೆ. ವಕೀಲರು ಇದನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ನೀವೇ ಕೇಳಿ ಬರೆಸಬೇಕು.